ಎಚ್ ಅಕ್ಷರದ ಬಿ.ಪಿ. ಮಾತ್ರೆಯವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಟೆಲ್ಮಿಸಾರ್ಟಾನ್–ಹೈಡ್ರೋಕ್ಲೋರೋಥಯಾಜೈಡ್ ಜೋಡಿ ಮಾತ್ರೆಯವರ ಸನ್ನಿಧಿಗೆ,

ದಿನಾ ಬೆಳಿಗ್ಗೆ ತಮ್ಮನ್ನು ನುಂಗಿಯೇ ಮುಂದಿನ ಕೆಲಸಕ್ಕೆ ಕೈಹಾಕುವ ಲಕ್ಷಾಂತರ ಮನೆಗಳ ಪೈಕಿ ಒಂದು ಮನೆಯವರು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಾವು ಕ್ಷೇಮವಾಗಿದ್ದೀರಿ ಎಂಬುದು ಪ್ರತಿ ಮೆಡಿಕಲ್ ಶಾಪಿನ ಕಪಾಟು ನೋಡಿದರೆ ತಿಳಿಯುತ್ತದೆ. ನಮ್ಮ ಕ್ಷೇಮದ ವಿಚಾರದಲ್ಲಿ ತಮ್ಮಲ್ಲಿ ಕೆಲವು ಅರಿಕೆಗಳಿವೆ. ದಯಮಾಡಿ ಕೊನೆಯವರೆಗೆ ಕೇಳಿಸಿಕೊಳ್ಳಬೇಕು.

ಮೊದಲು ಋಣದ ಮಾತು. ತಮ್ಮ ವಂಶ ಹುಟ್ಟುವ ಮುಂಚೆ ಬಿ.ಪಿ. ಏರಿದವರಿಗೆ ಸುಲಭವಾಗಿ ತಾಳಿಕೊಳ್ಳುವಂಥ ಔಷಧಿ ವಿರಳವಾಗಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಆಗ ಅವರ ಬಿ.ಪಿ. 300/190 ಇತ್ತು. ಅಂಥ ದೇಶದ ಅಂಥ ಮನುಷ್ಯನಿಗೂ ಕೊಡಲು ವೈದ್ಯರ ಕೈಯಲ್ಲಿ ಬಿ.ಪಿ. ಇಳಿಸಬಲ್ಲ ಒಳ್ಳೆಯ ಔಷಧಿ ಇರಲಿಲ್ಲ. 1958ರಲ್ಲಿ ತಮ್ಮ ಅಣ್ಣ ಕ್ಲೋರೋಥಯಾಜೈಡ್ ಬಂದರು, ಮರುವರ್ಷ ತಮ್ಮ ಜೋಡಿಯಲ್ಲಿನ ಹೈಡ್ರೋಕ್ಲೋರೋಥಯಾಜೈಡ್. 1967ರಲ್ಲಿ ಅಮೆರಿಕದ ಎಡ್ವರ್ಡ್ ಫ್ರೈಸ್ ಮತ್ತು ಅವರ ಜೊತೆಗಾರರು ಬಿ.ಪಿ. ತೀರಾ ಏರಿದ್ದ 143 ಗಂಡಸರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಹೊರಬಂತು. ಬರೀ ಹುಸಿ ಮಾತ್ರೆ ತಿಂದವರಲ್ಲಿ 27 ಮಂದಿಗೆ ಗಂಭೀರ ತೊಂದರೆಗಳಾದವು; ಔಷಧಿ ತಿಂದವರಲ್ಲಿ ಇಬ್ಬರಿಗೆ. ಆ ಔಷಧಿಯೂ ಒಂದಲ್ಲ, ಮೂರರ ಕೂಟ. ಹೈಡ್ರೋಕ್ಲೋರೋಥಯಾಜೈಡ್, ಹೈಡ್ರಲಜೀನ್, ಜೊತೆಗೆ ನಮ್ಮ ಸರ್ಪಗಂಧಿ ಬೇರಿನಿಂದ ತೆಗೆದ ರೆಸರ್ಪಿನ್. ಆ ಬೇರು ಬಿ.ಪಿ. ಇಳಿಸುತ್ತದೆಂದು 1949ರಲ್ಲೇ ಜಗತ್ತಿಗೆ ತಿಳಿಸಿದವರು ಮುಂಬೈಯ ರುಸ್ತುಂ ಜಾಲ್ ವಕೀಲ್. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಬಿ.ಪಿ.ಯ ಜೋಡಿ ಮಾತ್ರೆಗಳನ್ನು ಸೇರಿಸಿದಾಗ ಅದರಲ್ಲಿ ತಮ್ಮ ಜೋಡಿಯೂ ಇತ್ತು. ಎರಡು ಮಾತ್ರೆ ನುಂಗಬೇಕಾದಲ್ಲಿ ಒಂದು ಸಾಕಾದರೆ ಜನ ತಪ್ಪದೆ ನುಂಗುತ್ತಾರೆ, ಬಿ.ಪಿ. ಹಿಡಿತಕ್ಕೆ ಬರುತ್ತದೆ. ತಮ್ಮ ಈ ಉಪಕಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಈ ಪತ್ರ ಓದಿ ಯಾರೂ ತಮ್ಮನ್ನು ಬಿಟ್ಟುಬಿಡಬಾರದು ಎಂಬುದೇ ನನ್ನ ಮೊದಲ ಅರಿಕೆ.

ಇನ್ನು ದೂರು. ತಾವು ಇಬ್ಬರು ಎಂಬುದನ್ನು ನಮ್ಮ ಜನರಿಗೆ ಯಾರೂ ಹೇಳಿಲ್ಲ ಸ್ವಾಮಿ. "ಬಿ.ಪಿ. ಮಾತ್ರೆ, ಬೆಳಿಗ್ಗೆ ಒಂದು" ಎಂದು ಚೀಟಿ ಕೈಗಿಡುತ್ತಾರೆ. ಒಳಗಿರುವ ಟೆಲ್ಮಿಸಾರ್ಟಾನ್ ರಕ್ತನಾಳಗಳ ಬಿಗಿತ ಸಡಿಲಿಸುತ್ತಾರೆ. ಇನ್ನೊಬ್ಬರು, 12.5 ಮಿಲಿಗ್ರಾಂ ತೂಕದ ಹೈಡ್ರೋಕ್ಲೋರೋಥಯಾಜೈಡ್, ಮೂತ್ರಪಿಂಡದಲ್ಲಿ ಕೂತು ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಹಾಕಿಸುತ್ತಾರೆ. ಒಬ್ಬರು ಪೊಟ್ಯಾಸಿಯಂ ಏರಿಸುವವರು, ಇನ್ನೊಬ್ಬರು ಇಳಿಸುವವರು. ಒಂದೇ ನೊಗದ ಎರಡು ಎತ್ತುಗಳ ಹಾಗೆ ಬಹುಪಾಲು ದಿನ ಸಮವಾಗಿ ಎಳೆಯುತ್ತೀರಿ. ಸಮ ತಪ್ಪುವ ದಿನಗಳೂ ಬರುತ್ತವೆ. ಮನೆಯವರಿಗೆ ಗೊತ್ತಿರಬೇಕಾದದ್ದು ಆ ದಿನಗಳ ಸಂಗತಿ. ಚೀಟಿ ಕೊಟ್ಟವರಿಗೆ ಅದನ್ನು ಹೇಳಲು ಪುರುಸೊತ್ತಿಲ್ಲ, ಕೊಂಡವರಿಗೆ ಕೇಳಲು ಧೈರ್ಯವಿಲ್ಲ.

ಹೆಸರಿನ ಕೊನೆಗೆ ತಾವು ಧರಿಸುವ ಅಕ್ಷರಗಳಿಗೂ ನಮಸ್ಕಾರ. ಟೆಲ್ಮಿಸಾರ್ಟಾನಿನ ಮಿಲಿಗ್ರಾಂ ಲೆಕ್ಕದಲ್ಲಿ ಬರೀ 40 ಒಂದು, 40-ಎಚ್ ಇನ್ನೊಂದು, 40-ಎಎಂ ಮತ್ತೊಂದು, 80-ಎಚ್ ಮಗದೊಂದು. ಮುಂದಿನ ಹೆಸರು ಅದೇ, ಹಾಳೆಯ ಬಣ್ಣವೂ ಹೆಚ್ಚುಕಮ್ಮಿ ಅದೇ. ಎಚ್ ಇದ್ದರೆ ನೀರು ಇಳಿಸುವವರು ಒಳಗಿದ್ದಾರೆ, ಎಎಂ ಇದ್ದರೆ ಅಮ್ಲೊಡಿಪಿನ್ ಎಂಬ ಇನ್ನೊಂದು ಬಿ.ಪಿ. ಔಷಧಿ ಇದೆ ಎಂದು ಎಷ್ಟು ಮನೆಯಲ್ಲಿ ಗೊತ್ತು? ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಸಾಲದವರು ಐದೇ ಮಾತ್ರೆ ಕೇಳುತ್ತಾರೆ. ಅಂಗಡಿಯ ಹುಡುಗ ಕತ್ತರಿ ಹಾಕಿ ಹಾಳೆಯನ್ನು ಎರಡು ಮಾಡುತ್ತಾನೆ. ಹೆಸರು ಅಂಗಡಿಯಲ್ಲಿ ಉಳಿಯುತ್ತದೆ, ಬರೀ ಬೆಳ್ಳಿ ಬಣ್ಣದ ತುಂಡು ಮನೆಗೆ ಬರುತ್ತದೆ. ಆಮೇಲೆ ಯಾವುದೋ ಜ್ವರಕ್ಕೆ ಬೇರೆ ಡಾಕ್ಟರ ಬಳಿ ಹೋದಾಗ "ಏನು ಮಾತ್ರೆ ತಗೋತೀರಿ?" ಎಂದು ಕೇಳಿದರೆ "ಬಿಳೀದು, ಬಿ.ಪಿ.ದು" ಎಂಬುದೇ ಉತ್ತರ. ಆ ಡಾಕ್ಟರು ಇನ್ನೊಂದು ಕಂಪನಿಯ ಹೆಸರಿನಲ್ಲಿ ತಮ್ಮನ್ನೇ ಮತ್ತೆ ಬರೆದುಕೊಟ್ಟರೆ ಎರಡು ಹೆಸರಿನಲ್ಲಿ ತಾವು ಎರಡು ಪಾಲು ಒಳಹೊಕ್ಕಿರುತ್ತೀರಿ. ತಲೆ ಸುತ್ತಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮುದುಕರ ಮನೆಯ ಗೂಡಿನಲ್ಲಿ ಇಂಥ ಎರಡು ಹಾಳೆಗಳು ಜೊತೆಯಾಗಿ ಸಿಗುವುದುಂಟು. ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುಂಡನ್ನೇ ಕೊಡಬೇಕೆಂದು ಅಂಗಡಿಯವರಲ್ಲಿ ಕೈಮುಗಿದು ಕೇಳುತ್ತೇನೆ.

ತಮ್ಮ ಸಮಯಪಾಲನೆಗೆ ಹೆಂಗಸರ ಪರವಾಗಿ ವಿಶೇಷ ವಂದನೆ. ನುಂಗಿದ ಎರಡು ತಾಸಿಗೆ ಮೂತ್ರ ಇಳಿಸುವ ಕೆಲಸ ಶುರು, ನಾಲ್ಕು ತಾಸಿನ ಹೊತ್ತಿಗೆ ಜೋರು, ಆರರಿಂದ ಹನ್ನೆರಡು ತಾಸಿನವರೆಗೂ ಪ್ರಭಾವ. ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿ ಎಂಟರ ಬಸ್ಸು ಹತ್ತುವ ಶಾಲೆಯ ಮೇಡಂಗೆ ತಾವು ಹನ್ನೊಂದರ ಪಾಠದ ನಡುವೆ ದರ್ಶನ ಕೊಡುತ್ತೀರಿ. ಆ ಶಾಲೆಯ ಶೌಚಾಲಯಕ್ಕೆ ಬೀಗ, ಬೀಗದ ಕೈ ಹೆಡ್ ಮಾಸ್ಟರ ಮೇಜಿನಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಹೆಂಗಸು ಬಸ್ಸು ನಿಲ್ಲಿಸಿ ಎಂದು ಕಂಡಕ್ಟರಿಗೆ ಹೇಳಲಾರದೆ ಹೊಟ್ಟೆ ಹಿಡಿದು ಕೂರುತ್ತಾಳೆ. ಹೊಲದ ಕಳೆ ಕೀಳುವವಳಿಗೆ ಸುತ್ತ ಮರೆಯೇ ಇಲ್ಲ. ಇವರೆಲ್ಲ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಮಾತ್ರೆ ಬಿಡುತ್ತಾರೆ, ಇಲ್ಲವೇ ಮಾತ್ರೆ ನುಂಗಿ ನೀರು ಬಿಡುತ್ತಾರೆ. ಮೊದಲನೆಯದರಿಂದ ಬಿ.ಪಿ. ಏರುತ್ತದೆ, ಎರಡನೆಯದರಿಂದ ಮೂತ್ರಪಿಂಡ ಒಣಗುತ್ತದೆ. ಪ್ರಯಾಣವಿದ್ದ ದಿನ ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಬಹುದು ಎಂಬುದೇ ಇವರಿಗೆ ಗೊತ್ತಿಲ್ಲ. ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ನುಂಗಿದರೂ ಸಂಜೆ ನುಂಗಿದರೂ ಹೃದಯಕ್ಕಾಗುವ ರಕ್ಷಣೆ ಒಂದೇ ಎಂದು ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆ 2022ರಲ್ಲಿ ತೋರಿಸಿದೆ. ನೀರು ಇಳಿಸುವವರು ಒಳಗಿರುವುದರಿಂದ ತೀರಾ ರಾತ್ರಿ ಬೇಡ, ನಿದ್ದೆ ಕೆಡುತ್ತದೆ, ಕತ್ತಲಲ್ಲಿ ಎದ್ದು ಬೀಳುವ ಭಯವೂ ಇದೆ. ಊರು ಮುಟ್ಟಿದ ಮೇಲೆ ಮಧ್ಯಾಹ್ನವೋ ಇಳಿಹೊತ್ತಿಗೋ ನುಂಗಲು ಬಹಳ ಮಂದಿಗೆ ಅಡ್ಡಿಯಿರಲಾರದು. ಶುರುವಿನ ಕೆಲವು ವಾರ ಕಳೆದರೆ ಈ ಅವಸರವೂ ತಗ್ಗುತ್ತದೆ. ಇಷ್ಟನ್ನು ಒಬ್ಬರು ಕೂತು ಹೇಳಿದ್ದರೆ ಎಷ್ಟೋ ಹೆಂಗಸರು ಗುಟ್ಟಾಗಿ ಮಾತ್ರೆ ಬಿಡುತ್ತಿರಲಿಲ್ಲ.

ಈಗ ನಮ್ಮ ದೊಡ್ಡಮ್ಮನ ವಿಷಯ. ತಮ್ಮ ಮೇಲೆ ಅವರಿಗಿದ್ದ ಭಕ್ತಿ ದೇವರ ಮೇಲೂ ಇರಲಿಲ್ಲ. "ಒಂದು ದಿನವೂ ತಪ್ಪಿಸಬೇಡಿ" ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ವ್ರತದಂತೆ ಪಾಲಿಸಿದರು. ಚಳ್ಳಕೆರೆ ಕಡೆಯ ಬೇಸಿಗೆ, ಮದುವೆ ಮನೆಯ ಊಟ, ರಾತ್ರಿಯಿಂದ ವಾಂತಿ ಭೇದಿ. ಅಷ್ಟಾದರೂ ಬೆಳಿಗ್ಗೆ ಎದ್ದು ಮೊದಲು ತಮ್ಮನ್ನೇ ನುಂಗಿದರು. ಬಿ.ಪಿ. ಇದೆ ಎಂದು ಗಂಜಿಗೆ ಉಪ್ಪು ಹಾಕಿಸಲಿಲ್ಲ. ಒಣಗಬಾರದೆಂದು ಸೊಸೆ ಚೊಂಬು ಚೊಂಬು ಬರೀ ನೀರು ಕುಡಿಸಿದಳು. ಓ.ಆರ್.ಎಸ್. ಪೊಟ್ಟಣ ಮನೆಯಲ್ಲೇ ಇತ್ತು. ಅದರಲ್ಲಿ ಉಪ್ಪಿದೆ, ಬಿ.ಪಿ. ಏರುತ್ತದೆಂದು ಒಡೆಯಲಿಲ್ಲ. ಭೇದಿ ನಿಂತಿತು, ದೊಡ್ಡಮ್ಮನ ಸುಸ್ತು ನಿಲ್ಲಲಿಲ್ಲ. ಮಾರನೆಯ ಸಂಜೆ ಬಾಗಿಲ ಕಡೆ ನೋಡುತ್ತಾ "ನಿಮ್ಮ ದೊಡ್ಡಪ್ಪ ಇನ್ನೂ ಊಟಕ್ಕೆ ಬರಲಿಲ್ಲವಲ್ಲ, ಸಾರು ಆರಿಹೋಯಿತು" ಎಂದರು. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯವರು ವಯಸ್ಸಾಯಿತು, ಅರಳುಮರಳು ಅಂದರು. ನೋಡಿದ ಸ್ಥಳೀಯ ಡಾಕ್ಟರು ಒಂದು ಬಾಟಲಿ ಗ್ಲೂಕೋಸ್ ಹಾಕಿ ಕಳಿಸಿದರು, ರಕ್ತ ಪರೀಕ್ಷೆ ಮಾಡಿಸಲಿಲ್ಲ. ರಾತ್ರಿ ಫಿಟ್ಸ್ ಬಂತು. ಜಿಲ್ಲಾ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಿದಾಗ 135ರಿಂದ 145 ಇರಬೇಕಾದ ಸೋಡಿಯಂ 116ಕ್ಕೆ ಇಳಿದಿತ್ತು.

ಸೋಡಿಯಂ ಇಳಿದರೆ ಮೆದುಳಿನ ಜೀವಕೋಶಗಳೊಳಗೆ ನೀರು ನುಗ್ಗಿ ಅವು ಊದಿಕೊಳ್ಳುತ್ತವೆ. ಗೊಂದಲ, ಮಂಪರು, ತಡಬಡ ಮಾತು, ಫಿಟ್ಸ್ ಎಲ್ಲ ಅದರಿಂದಲೇ. ಏರಿಸುವುದೂ ನಿಧಾನವಾಗಿಯೇ ಆಗಬೇಕು, ಒಮ್ಮೆಲೇ ಏರಿಸಿದರೆ ಮೆದುಳಿಗೆ ಇನ್ನೊಂದು ಬಗೆಯ ಹಾನಿ. ಐ.ಸಿ.ಯು. ವಾಸ ಮುಗಿಸಿ ಎದ್ದ ದೊಡ್ಡಮ್ಮ ಕೇಳಿದ ಮೊದಲ ಮಾತು "ಆಕಳ ಹಾಲು ಕರೆದವರು ಯಾರು?" ಎಂದು. ಅವರು ಉಳಿದರು. ವಯಸ್ಸಾದ, ಸಣ್ಣ ಮೈಯ ಹೆಂಗಸರಲ್ಲಿ ತಾವು ಸೋಡಿಯಂ ಇಳಿಸುವುದು ಹೆಚ್ಚು ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅನೇಕರಿಗೆ ಅದು ಮಾತ್ರೆ ಶುರುವಾದ ಮೊದಲ ಕೆಲವು ವಾರಗಳಲ್ಲೇ ಆಗುತ್ತದೆ. ಅರಳುಮರಳು ಎಂದು ಮೂಲೆಯಲ್ಲಿ ಕೂರಿಸಿದ ಅಜ್ಜಿಯರಲ್ಲಿ ಎಷ್ಟು ಮಂದಿಗೆ ಒಂದು ರಕ್ತ ಪರೀಕ್ಷೆ ಸಾಕಾಗಿತ್ತೋ ಎಂದು ಯೋಚಿಸಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದ್ದರಿಂದ ಬಿನ್ನಹ: ವಾಂತಿ ಭೇದಿ ಹಿಡಿದ ದಿನ, ಉಣ್ಣಲು ಕುಡಿಯಲು ಆಗದ ಜ್ವರದ ದಿನ, ತಮಗೆ ರಜೆ ಬೇಕಾಗಬಹುದು ಎಂದು ಚೀಟಿ ಬರೆಯುವ ದಿನವೇ ರೋಗಿಗೆ ತಿಳಿಸುವಂತಾಗಲಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿ ನಿಲ್ಲಿಸುವುದು, ಸರಿಯಾಗಿ ಉಂಡು ಕುಡಿಯಲು ಶುರುಮಾಡಿ 24ರಿಂದ 48 ತಾಸು ಕಳೆದ ಮೇಲೆ ಮತ್ತೆ ಹಿಡಿಯುವುದು ಸಾಮಾನ್ಯ ಕ್ರಮ. ಆ ದಿನಗಳಲ್ಲಿ ಓ.ಆರ್.ಎಸ್.ನ ಉಪ್ಪಿಗೆ ಬಿ.ಪಿ.ಯವರೂ ಹೆದರಬೇಕಾಗಿಲ್ಲ. ನಿರಾಹಾರ ಏಕಾದಶಿ, ಶಿವರಾತ್ರಿಯ ಜಾಗರಣೆ, ರಂಜಾನಿನ ಉಪವಾಸ ಇರುವವರು ಮೊದಲೇ ಹೋಗಿ ಕೇಳಿ ಬರಲಿ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಹೊಲಕ್ಕೆ ಹೋಗುವವರೂ ಕೇಳಲಿ.

ತಮ್ಮ ಬಹುದೊಡ್ಡ ಶತ್ರು ನಮ್ಮ ಮೊಣಕಾಲು ನೋವು. ಬಿ.ಪಿ.ಯ ವಯಸ್ಸೂ ಮಂಡಿನೋವಿನ ವಯಸ್ಸೂ ಒಂದೇ. "ಮಂಡಿ ಹಿಡಕೊಂಡಿದೆ, ಏನಾದರೂ ಕೊಡಪ್ಪಾ" ಎಂದರೆ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಸಿಗುತ್ತದೆ, ಚೀಟಿ ಕೇಳುವವರಿಲ್ಲ. ಆ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಬಿಗಿಯುತ್ತದೆ. ಟೆಲ್ಮಿಸಾರ್ಟಾನ್ ಹೊರಗೆ ಒಯ್ಯುವ ನಾಳವನ್ನು ಸಡಿಲಿಸಿರುತ್ತಾರೆ. ಹೈಡ್ರೋಕ್ಲೋರೋಥಯಾಜೈಡ್ ನೀರು ಖಾಲಿ ಮಾಡಿರುತ್ತಾರೆ. ಮೂವರೂ ಸೇರಿದರೆ ಸೋಸುವ ಒತ್ತಡವೇ ಇಲ್ಲದೆ ಮೂತ್ರಪಿಂಡ ಕೈಚೆಲ್ಲುತ್ತದೆ. ಬ್ರಿಟನ್ನಿನಲ್ಲಿ ಬಿ.ಪಿ. ಮಾತ್ರೆ ತಿನ್ನುವ 4.87 ಲಕ್ಷ ಜನರ ದಾಖಲೆ ಜಾಲಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೂರರ ಕೂಟದಿಂದ ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಬೀಳುವ ಅಪಾಯ ಶೇ. 31 ಹೆಚ್ಚು ಕಂಡಿತು. ಮೊದಲ 30 ದಿನಗಳಲ್ಲಿ ಶೇ. 82. ಬಿ.ಪಿ. ಇಳಿಸುವ ತಮ್ಮ ಶಕ್ತಿಯನ್ನೂ ಆ ನೋವಿನ ಮಾತ್ರೆ ಕುಗ್ಗಿಸುತ್ತದೆ. ಬಿ.ಪಿ. ಯಾಕೋ ಇಳಿಯುತ್ತಿಲ್ಲ ಎಂದು ಡಾಕ್ಟರು ತಮ್ಮ ಪಾಲನ್ನು 40ರಿಂದ 80ಕ್ಕೆ ಏರಿಸುತ್ತಾರೆ, ಮಂಡಿನೋವಿನ ಸುದ್ದಿ ಅವರ ಕಿವಿಗೆ ಬಿದ್ದೇ ಇರುವುದಿಲ್ಲ. ಇದರಲ್ಲಿ ತಮ್ಮ ತಪ್ಪಿಗಿಂತ ಔಷಧಿ ಅಂಗಡಿಯ ಕೌಂಟರಿನ ತಪ್ಪು ದೊಡ್ಡದು ಎಂದು ನಾನು ಖಂಡಿತವಾಗಿ ನಂಬುತ್ತೇನೆ. "ಬಿ.ಪಿ. ಮಾತ್ರೆ ತಗೋತೀರಾ?" ಎಂದು ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು?

ತಮ್ಮ ದಾಯಾದಿಗಳ ಹೆಸರನ್ನೂ ಇಲ್ಲಿ ಹೇಳಬೇಕು. ಅಮಿಲೋರೈಡ್, ಟ್ರಯಾಮ್ಟರಿನ್, ಸ್ಪಿರೊನೊಲ್ಯಾಕ್ಟೋನ್. ಇವರು ಪೊಟ್ಯಾಸಿಯಂ ಹಿಡಿದಿಡುವವರು. ನೀರು ಇಳಿಸುವ ಮಾತ್ರೆಗಳ ಜೊತೆ ಒಂದೇ ಗುಳಿಗೆಯಲ್ಲಿ ಬರುವುದುಂಟು. ಇವರನ್ನು ನುಂಗುವವರು, ಪೊಟ್ಯಾಸಿಯಂ ಏರಿಸುವ ಟೆಲ್ಮಿಸಾರ್ಟಾನ್ ನುಂಗುವವರು, ಮೂತ್ರಪಿಂಡ ಸೋತವರು, "ಬಿ.ಪಿ.ಗೆ ಒಳ್ಳೇದು" ಎಂದು ಮಕ್ಕಳು ತಂದಿಟ್ಟ ಸೋಡಿಯಂ ಕಮ್ಮಿ ಇರುವ ಉಪ್ಪನ್ನು ಕೇಳದೆ ತಿನ್ನಬಾರದು. ಸೋಡಿಯಂ ತೆಗೆದ ಜಾಗದಲ್ಲಿ ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮಿಕ್ಕವರಿಗೆ ಆ ಉಪ್ಪು ಒಳ್ಳೆಯದೇ. ಎಳನೀರಿನದೂ ಅದೇ ಕಥೆ. ಒಂದು ದೊಡ್ಡ ಎಳನೀರಿನಲ್ಲಿ 500 ಮಿಲಿಗ್ರಾಂಗೂ ಮೀರಿ ಪೊಟ್ಯಾಸಿಯಂ ಇದೆ. ಮೂತ್ರಪಿಂಡ ಗಟ್ಟಿ ಇರುವವರು ಮದ್ದೂರಿನ ರಸ್ತೆಬದಿಯಲ್ಲಿ ನಿಂತು ಕುಡಿದರೆ ಏನೂ ಆಗದು. ಮೂತ್ರಪಿಂಡ ಸೋತು ರಕ್ತದ ಕ್ರಿಯಾಟಿನಿನ್ ಏರಿದವರಿಗೆ ದಿನಕ್ಕೆರಡು ಕುಡಿಸುವುದು ಉಪಚಾರವಾಗದು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ, ಬಹಳ ಸಲ ಮುನ್ಸೂಚನೆಯೂ ಇರುವುದಿಲ್ಲ.

ಹೆಬ್ಬೆರಳನ್ನು ಕೆಂಡದಂತೆ ಊದಿಸುವ ಗೌಟ್, ಸ್ವಲ್ಪ ಏರುವ ಸಕ್ಕರೆ, ಬಿಸಿಲಿಗೆ ಕೆಂಪೇರುವ ಚರ್ಮ, ಅಪರೂಪಕ್ಕೆ ಕಣ್ಣು ನೋವಿನ ಜೊತೆ ದಿಢೀರನೆ ಮಂಜಾಗುವ ದೃಷ್ಟಿ, ಇವನ್ನೂ ತಮ್ಮ ಲೆಕ್ಕಕ್ಕೇ ಬರೆದಿದೆ. ಕಣ್ಣಿನದಾದರೆ ಅದೇ ದಿನ ಆಸ್ಪತ್ರೆಗೆ. ಲಿಥಿಯಂ ತಿನ್ನುವವರು ತಮ್ಮ ಹತ್ತಿರ ಬರುವ ಮುಂಚೆ ಮನೋವೈದ್ಯರಿಗೆ ಹೇಳಲೇಬೇಕು. ಬಸಿರಾಗಿರುವ, ಆಗಬಯಸುವ ಹೆಣ್ಣುಮಗಳಿಗೆ ಟೆಲ್ಮಿಸಾರ್ಟಾನ್ ಕೊಡುವಂತಿಲ್ಲ, ಮಗುವಿನ ಮೂತ್ರಪಿಂಡಕ್ಕೆ ಹಾನಿ. ಮೂವತ್ತೈದಕ್ಕೇ ಬಿ.ಪಿ. ಬರುತ್ತಿರುವ ಈ ಕಾಲದಲ್ಲಿ ಈ ಮಾತನ್ನು ಚೀಟಿ ಬರೆಯುವಾಗಲೇ ಆಡಬೇಕು.

ತಮ್ಮ ಯಶಸ್ಸಿನ ಮೇಲೂ ನನಗೆ ದೂರಿದೆ, ಕ್ಷಮೆಯಿರಲಿ. ತಾವು ಬಿ.ಪಿ.ಯನ್ನು 130/80ಕ್ಕೆ ಇಳಿಸಿದ ಕೂಡಲೇ ಜನ "ವಾಸಿಯಾಯಿತು" ಎಂದು ತಮ್ಮನ್ನು ಬಿಟ್ಟು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೆ ಮರಳುತ್ತಾರೆ. ದಿನಕ್ಕೆ ಐದು ಗ್ರಾಂಗಿಂತ ಕಮ್ಮಿ, ಎಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು ಇಳಿಸಿದರೆ ತಮ್ಮ ಕೆಲಸ ಹಗುರಾಗುತ್ತದೆ. ಇಳಿಸದಿದ್ದರೆ ತಾವು ಹಗಲೆಲ್ಲ ಹೊರಹಾಕಿದ್ದನ್ನು ರಾತ್ರಿಯ ಊಟ ಮತ್ತೆ ತುಂಬುತ್ತದೆ. ಬಿ.ಪಿ. ಇಳಿದಿರುವುದು ತಾವು ಒಳಗಿರುವುದರಿಂದ. ಮರೆತ ದಿನದ ಮಾತ್ರೆಯನ್ನು ಮರುದಿನ ಸೇರಿಸಿ ಎರಡು ನುಂಗುವವರೂ ಇದ್ದಾರೆ, ಅದೂ ಬೇಡ.

ಕೊನೆಯದಾಗಿ, ತಮ್ಮನ್ನು ತಯಾರಿಸುವವರಿಗೂ ಬರೆದುಕೊಡುವವರಿಗೂ ತಾವೇ ಒಂದು ಮಾತು ತಲುಪಿಸಬೇಕು. ಹಾಳೆಯ ಬೆನ್ನ ಮೇಲೆ ಸಣ್ಣ ಅಕ್ಷರದ ಇಂಗ್ಲಿಷಿನ ಪಕ್ಕ ಕನ್ನಡದಲ್ಲಿ ಮೂರು ಸಾಲು ಬರಲಿ. ಇದರಲ್ಲಿ ನೀರು ಇಳಿಸುವ ಔಷಧಿ ಇದೆ. ವಾಂತಿ ಭೇದಿಯಾದರೆ ಡಾಕ್ಟರನ್ನು ಕೇಳಿ. ನೋವಿನ ಮಾತ್ರೆ ಕೇಳದೆ ತಿನ್ನಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಮಂದಿಗೆ ಬಿ.ಪಿ. ಇತ್ತು. ಮೂರು ಸಾಲಿಗೆ ಇಷ್ಟು ಓದುಗರು ಸಾಲದೇ?

ಈ ಪತ್ರ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆಯಲ್ಲಿ ಅಪ್ಪ ಅಮ್ಮ ನುಂಗುವ ಬಿ.ಪಿ. ಹಾಳೆಯನ್ನು ಇವತ್ತೇ ಬೆಳಕಿಗೆ ಹಿಡಿದು ನೋಡಿ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ತಾಲಿಡೋನ್, ಇಂಡಪಮೈಡ್ ಎಂಬ ಹೆಸರಿನಲ್ಲಿ ಒಂದಿದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆದು ಅವರ ಪರ್ಸಿನಲ್ಲಿಡಿ. ಯಾವ ಡಾಕ್ಟರ ಬಳಿ ಹೋದರೂ, ಯಾವ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳಿದರೂ ಅದನ್ನು ತೋರಿಸಲಿ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಕಡೆಯದಾಗಿ ಯಾವಾಗ ಆಗಿತ್ತು ಎಂದು ಕೇಳಿ. ಮಾತ್ರೆ ಶುರುವಾದ ಅಥವಾ ಪಾಲು ಏರಿಸಿದ ಕೆಲವೇ ವಾರಗಳಲ್ಲಿ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆಯಾದರೂ ಅದು ಆಗಬೇಕು. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ.

ಇತಿ,
ತಮ್ಮನ್ನು ನಂಬಿದ ಮನೆಯೊಂದರ ವಿಧೇಯ ಸದಸ್ಯ